ಮಣ್ಣು ಆರುವ ಮೊದಲು

ಅಮ್ಮಾನ್, ಜಬಲ್ ಅತ್ತಾಜ್
ಫೆಬ್ರವರಿ ೧೯, ಭಾನುವಾರ

ಖಲಫರ ಮಗ ಹೈಸಮನಿಗೆ, ವಿಜ್ದಾನಳ ಸಲಾಮ್.

ನಿನ್ನನ್ನು ಇನ್ನೂ ಗಂಡನೆನ್ನಬೇಕೋ, ಏನೆಂದು ಕರೆಯಬೇಕೋ ತಿಳಿಯದೆ ಒಂದೆರಡು ಹಾಳೆ ಹರಿದು ಹಾಕಿದೆ. ಅಪ್ಪನ ಹೆಸರು ಹಿಡಿದು ಕರೆದರೆ ನೀನೂ ಬೇಡವೆನ್ನಲಾರೆ, ನನ್ನ ಕೈಯೂ ತಡವರಿಸದು ಅನ್ನಿಸಿತು. ನಿಮ್ಮೂರು ಕರಕ್‌ನಿಂದ ಕುವೈತಿಗೆ ವಾಪಸಾದ ಮೇಲೆ ನನ್ನ ಫೋನು ಮತ್ತೆ ನಿನಗೆ ತಲುಪದಂತೆ ಮಾಡಿದ್ದೀಯ. ಅದಕ್ಕೇ ಈ ಪತ್ರ. ನಿನ್ನ ಅಪ್ಪನ ಜೊತೆ ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದ ಅಬೂ ಸಖ್ರ್ ಈ ವಾರ ಟೊಮೆಟೊ ತುಂಬಿಕೊಂಡು ಕುವೈತಿಗೆ ಹೊರಟಿದ್ದಾರೆ. ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಒಬ್ಬನೇ ಇರುವಾಗ ಓದು.

ನಿನ್ನ ಅಪ್ಪನ ಶೋಕದ ಮನೆಯಲ್ಲಿ ನೀನು ಗೋಡೆಯ ಆಚೆ ಗಂಡಸರ ನಡುವೆ ಕೂತಿದ್ದೆ, ನಾನು ಈಚೆ ಹೆಂಗಸರ ನಡುವೆ. ಒಂದೇ ಕೆಟಲಿನ ಕಹಿ ಕಾಫಿ ಎರಡೂ ಕಡೆ ಹೋಗುತ್ತಿತ್ತು. ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಬಂದು ಒಂದು ಮಾತು ಕೇಳುತ್ತೀಯ ಎಂದುಕೊಂಡಿದ್ದೆ. ಬರಲಿಲ್ಲ. ನೀನು ಅಲ್ಲಿ ಆಡಿದ ಮಾತು ಮಾತ್ರ ಮೂರನೆಯ ದಿನ, ನೀನು ಹೊರಟುಹೋದ ಮೇಲೆ, ಕಾಫಿ ಬಟ್ಟಲುಗಳ ಜೊತೆ ಈಚೆ ಬಂತು. ತಂದವರು ನಿನ್ನ ಸೋದರತ್ತೆ ಹಮ್ದಾ. ನನ್ನ ಎದುರಿಗೇ ಕೂತು, ನಾನು ಅಲ್ಲಿಲ್ಲವೇನೋ ಎಂಬಂತೆ ಉಳಿದವರಿಗೆ ಹೇಳಿದರು: “ಹೃದಯದ ನರ್ಸಂತೆ! ಅಪ್ಪನ ಹೃದಯ ನಿಂತಾಗ ಕೈಕಟ್ಕೊಂಡು ಕೂತಿದ್ಲು. ಗೋರಿ ಮಣ್ಣು ಆರೋ ಮುಂಚೆ ಪರೀಕ್ಷೆ ಬರೆಯೋಕೆ ಓಡಿದ್ಲು. ಹೀಗಂದ ಕಣ್ರೇ ನಮ್ಮ ಹುಡುಗ, ಅಷ್ಟು ಜನರ ಮುಂದೆ.”

ಹೆಂಗಸರೆಲ್ಲ ನಿನ್ನ ಅಮ್ಮನ ಕಡೆ ನೋಡಿದರು. ಅವರು ತಸ್ಬೀಹ್ ಮಣಿ ಎಣಿಸುತ್ತ ನೆಲ ನೋಡುತ್ತಿದ್ದರು.

ಹೈಸಮ್, ನೀನು ಹೇಳಿದ ಎರಡು ಮಾತೂ ನಿಜ. ಸುಳ್ಳಾಗಿದ್ದರೆ ಹಮ್ದಾ ಅತ್ತೆಗೆ ಅಲ್ಲೇ ತಿರುಗಿ ಉತ್ತರ ಕೊಡುತ್ತಿದ್ದೆ. ನಿಜವಾದ್ದರಿಂದ ಇಷ್ಟುದ್ದ ಬರೆಯಬೇಕಾಗಿದೆ.

ಕಳೆದ ಶರತ್ಕಾಲದಲ್ಲಿ ನೀನು ಫೋನು ಮಾಡಿದ್ದು ನೆನಪಿದೆಯಲ್ಲ? ಅದಕ್ಕೂ ವರ್ಷಗಳ ಹಿಂದೆ, ಕೆಲಸ ಬಿಟ್ಟು ಕುವೈತಿಗೆ ಬಾ ಎಂದಿದ್ದೆ, ನಾನು ಒಲ್ಲೆ ಎಂದಿದ್ದೆ, ನೀನು ಒಬ್ಬನೇ ಹೋಗಿದ್ದೆ. ಅದಾದ ಮೇಲೆ ಮೊದಲ ಸಲ ನಿನ್ನ ದನಿ ಕೇಳಿದ್ದು ಅವತ್ತು. ಹೇಗಿದ್ದೀಯ ಎಂದು ಕೂಡ ಕೇಳಲಿಲ್ಲ. ಅಪ್ಪನ ಕಾಲು ಊದಿಕೊಂಡಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಕರಕ್‌ನ ಆಸ್ಪತ್ರೆಯವರು ಕೈಚೆಲ್ಲಿದ್ದಾರೆ, ಅಮ್ಮಾನ್‌ನಲ್ಲಿ ನಿನ್ನ ಮನೆ ದೊಡ್ಡಾಸ್ಪತ್ರೆಗೆ ಹತ್ತಿರ, ಇಬ್ಬರನ್ನೂ ಇಟ್ಟುಕೋ ಎಂದೆ. ಆಮೇಲೆ ದನಿ ತಗ್ಗಿಸಿ, “ಅಪ್ಪನಿಗೆ ಏನೂ ಹೇಳಬಾರದು. ಗ್ಯಾಸ್ಟ್ರಿಕ್ಕು, ಶ್ವಾಸಕೋಶದಲ್ಲಿ ಸ್ವಲ್ಪ ನೀರು ಅಂತ ಮಾತ್ರ ಹೇಳು. ನಿಜ ಗೊತ್ತಾದ್ರೆ ಅವತ್ತೇ ಹೋಗ್ಬಿಡ್ತಾರೆ,” ಎಂದೆ. ನಾನು ಆಯಿತು ಎಂದೆ. ಇಂಥ ಮಾತಿಗೆ ನಾವು ನರ್ಸುಗಳು ದಿನಾ ಆಯಿತು ಎನ್ನುತ್ತೇವೆ. ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ರೋಗದ ಹೆಸರು ಗೊತ್ತಿರುತ್ತದೆ.

ಅವರು ಬಂದರು. ನಿನ್ನ ಅಮ್ಮ ಮೂಟೆಗಟ್ಟಲೆ ಜಮೀದ್, ಉಪ್ಪು ಹಾಕಿದ ಒಣ ಮೊಸರಿನ ಉಂಡೆ, ಹೊತ್ತು ತಂದಿದ್ದರು. ಉಪ್ಪು ವಿಷ ಎಂದು ನಾನು ಅದನ್ನೆಲ್ಲ ಅಟ್ಟಕ್ಕೆ ಏರಿಸಿದಾಗ ಅವರಿಗೆ ನನ್ನ ಮೇಲಿದ್ದ ಹಳೆಯ ಮುನಿಸಿಗೆ ಹೊಸದೊಂದು ಕಾರಣ ಸಿಕ್ಕಿತು. “ಕರಕ್‌ನವನಿಗೆ ಜಮೀದ್ ಇಲ್ಲದ ಮನ್ಸಫ್ ಊಟ ಹಾಕ್ತಾಳಂತೆ. ಇದಕ್ಕಿಂತ ನೇರವಾಗಿ ಗುಂಡು ಹಾರಿಸಬಹುದಿತ್ತು,” ಎಂದರು. ನಿನ್ನ ಅಪ್ಪ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, “ಸುಮ್ನಿರೇ ಫಿದ್ದಾ, ಅವಳು ಸರ್ಕಾರ, ನಾವು ನಿರಾಶ್ರಿತರು,” ಎಂದರು.

ನನ್ನ ಪರೀಕ್ಷೆಯ ವಿಷಯ ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಹೃದಯದ ತೀವ್ರ ನಿಗಾ ದಾದಿಯರಿಗೆಂದೇ ಒಂದು ಪ್ರಮಾಣಪತ್ರವಿದೆ. ಈ ವಸಂತದಿಂದ ಅದಿದ್ದವರನ್ನು ಮಾತ್ರ ಶಸ್ತ್ರಚಿಕಿತ್ಸೆಯ ಘಟಕದಲ್ಲಿ ಇಟ್ಟುಕೊಳ್ಳುತ್ತೇವೆ, ಉಳಿದವರು ಹೊರರೋಗಿಗಳ ಚೀಟಿ ಬರೆಯುತ್ತ ಕೂರಲಿ ಎಂದು ನಮ್ಮ ಆಸ್ಪತ್ರೆ ನಿರ್ಧರಿಸಿತ್ತು. ಪರೀಕ್ಷೆ ಇಂಗ್ಲಿಷಿನಲ್ಲಿ, ಕಂಪ್ಯೂಟರಿನ ಮುಂದೆ. ಒಂದು ಸಲ ದಿನ ಗೊತ್ತುಮಾಡಿದರೆ ಬದಲಿಸುವುದು ಕಷ್ಟ. ಗಂಡ ಬಿಟ್ಟುಹೋದ ಮನೆಯಲ್ಲಿ ನನಗೆ ಉಳಿದದ್ದು ಆ ಘಟಕ ಒಂದೇ. ಅಲ್ಲಿಗೆ ಹೋದರೆ ನಾನು ಯಾರೆಂದು ನನಗೆ ಗೊತ್ತಿರುತ್ತಿತ್ತು.

ಸಂಜೆ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಮನೆಯಲ್ಲಿ ಹೀಟರ್ ಇದ್ದದ್ದು ಅದೊಂದೇ ಕೋಣೆಯಲ್ಲಿ. ಹಾಗಾಗಿ ನಿನ್ನ ಅಪ್ಪನೂ ಕುರ್ಚಿ ಎಳೆದುಕೊಂಡು ಬಂದರು. ಮೊದಲೆರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ, “ಮನಸ್ಸಲ್ಲೇ ಓದಿದ್ರೆ ನನಗೇನು ಲಾಭ? ಬಾಯ್ಬಿಟ್ಟು ಓದೇ ಹುಡುಗಿ. ಅರ್ಥವಾಗೋ ಹಾಗೆ ಓದು,” ಎಂದರು. ಹೇಳಿಕೊಟ್ಟರೆ ನನಗೂ ನೆನಪಿರುತ್ತದೆ ಎಂದು ನಾನು ಒಪ್ಪಿದೆ. ಇಂಗ್ಲಿಷಿನದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವುದು, ಅವರು ಅದನ್ನು ಲಾರಿಗೆ ತಿರುಗಿಸಿಕೊಳ್ಳುವುದು. ಹಾಗೆ ನಡೆಯಿತು ನಮ್ಮ ಪಾಠ.

ಎದೆಬಡಿತದ ಇಸಿಜಿ ಪಟ್ಟಿಗಳೆಂದರೆ ಅವರಿಗೆ ಬಹಳ ಇಷ್ಟ. ಆರೋಗ್ಯವಂತನ ಪಟ್ಟಿ ನೋಡಿ, “ಇದು ಮೂಜಿಬ್ ಕಣಿವೆ. ಇಳಿ, ಏರು, ಉಸಿರು ತಗೋ. ಇಳಿ, ಏರು, ಉಸಿರು ತಗೋ,” ಎಂದರು. ಹೃದಯದ ಕೆಳಕೋಣೆ ಹುಚ್ಚೆದ್ದು ಓಡುವ ಪಟ್ಟಿ ತೋರಿಸಿದಾಗ, “ಬ್ರೇಕ್ ಹೋಗಿದೆ,” ಎಂದರು. ಹೃದಯ ಬಡಿಯುವುದನ್ನೇ ಮರೆತು ಅದುರುವ ಪಟ್ಟಿ ನೋಡಿ, “ಇದು ರಸ್ತೆನೇ ಅಲ್ಲ ಕಣೇ, ಕುಡುಕನ ಕೈಬರಹ.” ಗೆರೆ ನೇರವಾಗಿ ಮಲಗಿದ್ದ ಪಟ್ಟಿಯನ್ನು ನಾನು ಹಾಳೆಗಳ ಅಡಿಗೆ ಸರಿಸಿದೆ. ಅವರು ಎಳೆದು ತೆಗೆದರು. “ಇದ್ಯಾಕೆ ಮುಚ್ತೀಯ? ಇದು ಕತ್ರಾನಾ ದಾಟಿದ ಮೇಲಿನ ಮರುಭೂಮಿ ರಸ್ತೆ. ಡ್ರೈವರುಗಳು ನಿದ್ದೆ ಹೋಗೋದೇ ಇಲ್ಲಿ,” ಎಂದು ಮೆಲ್ಲಗೆ ಬೆರಳಾಡಿಸಿದರು.

ಒಂದು ದಿನ ನಾನು ಶಸ್ತ್ರಚಿಕಿತ್ಸೆಯ ನಂತರದ ಪಾಠ ಹೇಳುತ್ತಿದ್ದೆ. ಎದೆಗೆ ಹಾಕಿದ ಕೊಳವೆಯಿಂದ ಬರುತ್ತಿದ್ದ ರಕ್ತ ಥಟ್ಟನೆ ನಿಂತರೆ ಖುಷಿಪಡಬಾರದು, ಒಳಗೇ ತುಂಬಿಕೊಂಡು ಹೃದಯವನ್ನು ಹಿಂಡುತ್ತಿರಬಹುದು ಎಂದೆ. “ಅದಕ್ಕೇನು ಪುಸ್ತಕ ಬೇಕೇ? ಸೋರೋ ರೇಡಿಯೇಟರ್ ತಾನಾಗೇ ಸೋರೋದು ನಿಲ್ಲಿಸಿದ್ರೆ ನಾವೂ ಲಾರಿಯಿಂದ ಇಳಿದು ದೂರ ನಿಲ್ತಿದ್ವಿ,” ಎಂದರು. ನಿನ್ನ ಅಮ್ಮ ಸೇಜ್ ಎಲೆ ಹಾಕಿದ ಚಹಾ ತಂದಿಡುತ್ತ, “ಇಬ್ಬರೂ ಸೇರಿ ಡಾಕ್ಟ್ರಾಗಿ. ನಾನು ಒಬ್ಬಳೇ ಕಾಯಿಲೆ ಬೀಳ್ತೀನಿ,” ಎಂದು ಗೊಣಗಿದರು. ನೀನು ಕಂಡಿರದ ನಗು ಅದು, ಹೈಸಮ್. ಆ ಮನೆಯಲ್ಲಿ ನಗುವೂ ಇತ್ತೆಂದು ನಿನಗೆ ತಿಳಿದಿರಲಿ.

ಆಮೇಲೆ ಹೃದಯ ಸೋಲುವ ಅಧ್ಯಾಯ ಬಂತು. ಅದನ್ನು ಹಾರಿಸಿ ಮುಂದೆ ಹೋಗಿದ್ದೆ. ಆಸ್ಪತ್ರೆಯಲ್ಲೇ, ಊಟದ ಹೊತ್ತಿನಲ್ಲಿ ಒಬ್ಬಳೇ ಓದಿಕೊಳ್ಳುತ್ತಿದ್ದೆ. ಆದರೆ ಮಾದರಿ ಪ್ರಶ್ನೆಗಳಿಗೆ ಅಧ್ಯಾಯದ ಬೇಲಿಯಿಲ್ಲ. ಅವತ್ತು ನಾನು ಗಮನಿಸದೆ ಜೋರಾಗಿ ಓದಿಬಿಟ್ಟೆ: ಅರವತ್ತೆಂಟರ ಗಂಡಸು. ಕಾಲು ಊತ. ಮೂರು ದಿಂಬು ಒರಗಿ ಕೂತೇ ನಿದ್ದೆ. ಕೈಕಾಲು ತಣ್ಣಗೆ. ತೂಕ ಏರುತ್ತಿದೆ, ಮೂತ್ರ ಇಳಿಯುತ್ತಿದೆ. ಹೃದಯ ಹಿಗ್ಗಿ ಸಡಿಲವಾಗಿದೆ. ದಾದಿಗೆ ಮೊದಲು ಬರಬೇಕಾದ ಯೋಚನೆ ಯಾವುದು?

ನಾಲ್ಕು ಉತ್ತರ ಓದುವ ಮೊದಲೇ ನನ್ನ ಬಾಯಿ ನಿಂತಿತು.

“ಆ ಗಂಡಸಿನ ಹೆಸರೇನು?” ಎಂದರು ನಿನ್ನ ಅಪ್ಪ.

“ಪ್ರಶ್ನೆಗಳಲ್ಲಿ ಹೆಸರಿರಲ್ಲ ಮಾವ. ವಯಸ್ಸು ಮಾತ್ರ ಇರುತ್ತೆ.”

“ಹಾಗಾದ್ರೆ ನಾನೇ ಇಡ್ತೀನಿ. ಖಲಫ್ ಅಂತ ಬರಕೋ.” ತಮ್ಮ ಊದಿದ ಪಾದವನ್ನು ಹೀಟರಿನ ಬೆಳಕಿಗೆ ಚಾಚಿದರು. “ಈಗ ಉತ್ತರ ಹೇಳು. ಗ್ಯಾಸ್ಟ್ರಿಕ್ ಅಂತ ಏನಾದ್ರೂ ಹೇಳಿದ್ರೆ ಈ ಚಹಾ ನಿನ್ನ ಪುಸ್ತಕದ ಮೇಲೆ ಸುರೀತೀನಿ.”

ನಿನ್ನ ಮಾತು ನನಗೆ ನೆನಪಿತ್ತು. ಹೇಳಿದರೆ ಅವತ್ತೇ ಹೋಗಿಬಿಡುತ್ತಾರೆ ಎಂದಿದ್ದೆಯಲ್ಲ, ಅದೂ ನೆನಪಿತ್ತು. ನಾನು ಮುಖ ನೋಡಿದೆ. ಎಷ್ಟೋ ವಾರಗಳಿಂದ ನನ್ನಿಂದಲೇ ಹೃದಯದ ಪಾಠ ಕಲಿತ ಮನುಷ್ಯ ಅವರು. ಇನ್ನೊಂದು ಸುಳ್ಳು ಹೇಳಿದ್ದರೆ ಅವರಿಗೆ ತಿಳಿಯದೆ ಹೋಗುತ್ತಿರಲಿಲ್ಲ. ಆಮೇಲೆ ನಿಜ ಕೇಳಲು ಆ ಮನೆಯಲ್ಲಿ ಅವರಿಗೆ ಯಾರೂ ಉಳಿಯುತ್ತಿರಲಿಲ್ಲ. ಹೇಳಿದೆ. ಹೃದಯದ ಮಾಂಸ ಸಡಿಲಾಗಿದೆ, ತಳ್ಳಬೇಕಾದ ರಕ್ತದಲ್ಲಿ ಕಾಲು ಭಾಗವನ್ನೂ ತಳ್ಳುತ್ತಿಲ್ಲ, ಔಷಧಿ ಹಿಡಿದು ನಿಲ್ಲಿಸಿದೆಯೇ ಹೊರತು ವಾಸಿಮಾಡುತ್ತಿಲ್ಲ ಎಂದೆ. ಅವರು ಅಳಲಿಲ್ಲ. ಕುಸಿಯಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯಾಚೆ ಗ್ಯಾಸ್ ಮಾರುವ ಗಾಡಿಯ ಸಂಗೀತ ಹತ್ತಿರ ಬಂದು ದೂರ ಹೋಯಿತು. “ಅಂತೂ ನನಗೆ ಹುಚ್ಚು ಹಿಡಿದಿಲ್ಲ,” ಎಂದರು. “ಎಲ್ಲರೂ ವಾಸಿಯಾಗ್ತಿದೀಯ ಅಂತಿದ್ರಿ. ಮೈ ಮಾತ್ರ ಬೇರೆ ಹೇಳ್ತಿತ್ತು. ಯಾರನ್ನ ನಂಬಲಿ ಅಂತ ಒಬ್ಬನೇ ಒದ್ದಾಡ್ತಿದ್ದೆ ಕಣಮ್ಮಾ.”

ನಿನ್ನ ಆಜ್ಞೆ ಮೀರಿದ್ದು ಅಲ್ಲಿ. ನಾನು ಹೇಳಿದ್ದರಿಂದ ಅವರು ಸತ್ತರು ಎಂದು ನೀನು ನಂಬಿದ್ದರೆ ನಿನ್ನ ನಂಬಿಕೆ ಅಲುಗಿಸಲು ನನ್ನಲ್ಲಿ ಸಾಕ್ಷಿಯಿಲ್ಲ. ಆ ರಾತ್ರಿ ಅವರು ಎಂದಿಗಿಂತ ಚೆನ್ನಾಗಿ ನಿದ್ದೆ ಮಾಡಿದರು ಎಂಬುದನ್ನು ಮಾತ್ರ ನಿನ್ನ ಅಮ್ಮನನ್ನು ಕೇಳು.

ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಅವರೇ ಮಾತಾಡಿದರು. ನೀರು ತೆಗೆಯುವ ಸಣ್ಣ ಆಪರೇಷನ್ ಎಂದು ನೀನು ಫೋನಿನಲ್ಲಿ ಒಪ್ಪಿಸಿದ್ದ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ಬಗ್ಗೆ ನೇರವಾಗಿ ಕೇಳಿದರು. ಡಾಕ್ಟರು ಒಳ್ಳೆಯ ಮನುಷ್ಯ. ನನ್ನ ಕಡೆ ಒಮ್ಮೆ ನೋಡಿ, ನಾನು ತಲೆಯಾಡಿಸಿದ ಮೇಲೆ, ಹೈಸಮನ ಅಪ್ಪ ಎಂದೇ ಅವರನ್ನು ಕರೆದು, “ಆಪರೇಷನ್ ಮೇಜಿನ ಮೇಲೆ ಉಳೀಬಹುದು ಅಬೂ ಹೈಸಮ್. ಆದರೆ ಉಸಿರಿನ ಯಂತ್ರದಿಂದ ಬಿಡಿಸಿಕೊಂಡು ಬರ್ತೀರಿ ಅಂತ ನಾನು ಮಾತು ಕೊಡಲಾರೆ,” ಎಂದರು. ನಿನ್ನ ಅಪ್ಪ ಅವರ ಕೈ ಹಿಡಿದು ಧನ್ಯವಾದ ಹೇಳಿ, ಬೇಡ ಎಂದರು. ಅಷ್ಟೇ. ಆ ಶುಕ್ರವಾರ ಮಸೀದಿಯಲ್ಲಿ ಇಮಾಮರ ಜೊತೆ ತುಂಬ ಹೊತ್ತು ಕೂತು ಬಂದರು. ಏನು ಮಾತಾಯಿತೋ ನನಗೆ ಹೇಳಲಿಲ್ಲ. ಮರಳಿದಾಗ ಮುಖ ಹಗುರವಾಗಿತ್ತು.

ನಿನಗೆ ತಿಳಿಸಿ ಎಂದು ನಾನು ಅವರನ್ನು ಬೇಡಿಕೊಂಡೆ. ಪ್ರತಿ ಸಲವೂ, “ನಾಳೆ ಹೇಳ್ತೀನಿ. ಅವನು ಫೋನಲ್ಲಿ ಕಿರಿಚ್ತಾನೆ, ನನಗೆ ಉತ್ತರ ಕೊಡೋಕೆ ಉಸಿರು ಸಾಲಲ್ಲ,” ಎನ್ನುತ್ತಿದ್ದರು. ನಿನ್ನ ಬಳಿ ಮಾತ್ರ, ಹೂಂ ಮಗನೇ, ಚಳಿ ಕಳೆಯಲಿ, ಮಾಡಿಸೋಣ ಎನ್ನುತ್ತಿದ್ದರು. ನೀನು ಅವರಿಗೆ ಗ್ಯಾಸ್ಟ್ರಿಕ್ಕಿನ ಕತೆ ಹೇಳುತ್ತಿದ್ದೆ, ಅವರು ನಿನಗೆ ಆಪರೇಷನ್ನಿನ ಕತೆ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದೆ.

ನಮ್ಮಿಬ್ಬರನ್ನೂ, ನನ್ನನ್ನೂ ನಿನ್ನ ಅಮ್ಮನನ್ನೂ, ಎದುರು ಕೂರಿಸಿಕೊಂಡು ಅವರು ಮಾತು ತೆಗೆದುಕೊಂಡರು. ಮನೆಯಲ್ಲೇ ಇರುತ್ತೇನೆ. ಹೃದಯ ನಿಂತರೆ ನಿಲ್ಲಲಿ. ಎದೆ ಒತ್ತಬಾರದು, ಆಂಬುಲೆನ್ಸ್ ಕರೆಯಬಾರದು, ಗಂಟಲಿಗೆ ಕೊಳವೆ ಬೇಡ. ನಿನ್ನ ಅಮ್ಮ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಆಯಿತು ಎಂದರು. ನಾನೂ ಆಯಿತು ಎಂದೆ. “ಪರೀಕ್ಷೆ ದಿನವೇ ನಾನು ಹೋದ್ರೆ ನಿಮ್ಮಾಸ್ಪತ್ರೆ ಫ್ರಿಜ್ಜಲ್ಲಿಟ್ಟು ಹೋಗು. ಟೊಮೆಟೊಗಿಂತ ಬೇಗ ಕೆಡಲ್ಲ ನಾನು,” ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಆ ವಾರಗಳಲ್ಲಿ ನಾನು ಇಬ್ಬರು ಹೆಂಗಸರಾಗಿ ಬದುಕಿದೆ. ಘಟಕದಲ್ಲಿ ಒಬ್ಬ ರೋಗಿ, ನಿನ್ನ ಅಪ್ಪನದೇ ವಯಸ್ಸು, ಶಸ್ತ್ರಚಿಕಿತ್ಸೆಯ ಮರುದಿನ ರಕ್ತದೊತ್ತಡ ಕುಸಿದು ಬೂದಿಯಂತಾದರು. ಕೊಳವೆ ಒಣಗಿತ್ತು. ಕೂಗಿದೆ. ಡಾಕ್ಟರು ಓಡಿಬಂದು ಹಾಸಿಗೆಯ ಮೇಲೆಯೇ ಎದೆ ತೆರೆದರು. ಹೆಪ್ಪುಗಟ್ಟಿದ ರಕ್ತ ತೆಗೆದ ಕೂಡಲೇ ಆ ಹೃದಯ, ಉಸಿರು ಕಟ್ಟಿದ ಮಗು ಅತ್ತಂತೆ, ಮತ್ತೆ ಹೊಡೆದುಕೊಳ್ಳತೊಡಗಿತು. ಅದು ನನ್ನ ಕಣ್ಣೆದುರು ಕೆಂಪಾಯಿತು. ಹೊರಗೆ ಅವರ ಮಗ ನನ್ನ ಕೈಗೆ ಮುತ್ತಿಟ್ಟ. ಅದೇ ಕೈಯಲ್ಲಿ ಮನೆಗೆ ಬಂದು ಬೀಗ ತೆಗೆದೆ. ನಿನ್ನ ಅಪ್ಪ ದಿಂಬಿಗೊರಗಿ ತುಟಿ ನೀಲಿಯಾಗಿ ಕೂತಿದ್ದರು. ಊತದ ಔಷಧಿ ಕೊಟ್ಟು, ಕಾಲು ಒರೆಸಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಒಂದು ಎದೆಯನ್ನು ಸೀಳಿಯಾದರೂ ಉಳಿಸಬೇಕು, ಇನ್ನೊಂದನ್ನು ಮುಟ್ಟಬಾರದು. ಎರಡೂ ಸರಿ ಎಂದು ಬುದ್ಧಿಗೆ ಗೊತ್ತಿತ್ತು. ಕೈಗಳಿಗೆ ಯಾರು ತಿಳಿಸಿ ಹೇಳುವುದು?

ಪರೀಕ್ಷೆಗೆ ಮುಂಚಿನ ಶುಕ್ರವಾರ, ಮಧ್ಯಾಹ್ನದ ನಮಾಜಿನ ನಂತರ ಅವರು ಬಿಸಿಲು ಬೇಕೆಂದರು. ಕಿಟಕಿಯ ಪಕ್ಕ ಕೂರಿಸಿದೆವು. ಎದುರು ಗುಡ್ಡದ ಮನೆಗಳ ಮೇಲೆ ಯಾರೋ ಪಾರಿವಾಳ ಹಾರಿಸುತ್ತಿದ್ದರು. ನಿನ್ನ ಅಮ್ಮ ಕಿತ್ತಳೆ ಸುಲಿದು ಎಸಳು ಕೊಟ್ಟರು. ಅದನ್ನು ಬಾಯಿಗಿಟ್ಟುಕೊಂಡು, “ಬೀಜ ಇದೆ ಫಿದ್ದಾ,” ಎಂದರು. ಕಡೆಯ ಮಾತು ಅದೇ. ತಲೆ ಪಕ್ಕಕ್ಕೆ ವಾಲಿತು. ಕೊರಳಿಗೆ ಬೆರಳಿಟ್ಟೆ. ಅಲ್ಲಿ ಏನೂ ಇರಲಿಲ್ಲ.

ಕೂಡಲೇ ನಿನ್ನ ಅಮ್ಮ ಕೂಗಿದರು: “ಮಾಡೇ! ಏನಾದ್ರೂ ಮಾಡೇ! ಇದಕ್ಕೇ ಅಲ್ವೇನೇ ನೀನು ಓದಿದ್ದು?”

ಮಾತು ಕೊಟ್ಟದ್ದನ್ನು ಅವರು ಮರೆತಿದ್ದರು. ನಾನು ಮರೆತಿರಲಿಲ್ಲ. ಆದರೂ ನನ್ನ ಅಂಗೈ ಆಗಲೇ ಮಾವನ ಎದೆಯ ನಡುಮೂಳೆಯ ಮೇಲೆ ಹೋಗಿ ಕೂತಿತ್ತು. ಮೊಣಕೈ ನೇರವಾಗಿತ್ತು. ಭಾರ ಹಾಕುವುದೊಂದೇ ಬಾಕಿ. ಒತ್ತಿದರೆ ಪಕ್ಕೆಲುಬು ಮುರಿಯುತ್ತದೆಂದು ಗೊತ್ತು. ಆ ಹಿಗ್ಗಿದ ಹೃದಯ ಮರಳಿ ಹೊಡೆದರೂ ಒಂದೆರಡು ದಿನ ಯಂತ್ರದ ಮೇಲೆ, ಕೊಳವೆಗಳ ನಡುವೆ, ಕೈ ಕಟ್ಟಿಸಿಕೊಂಡು ಅವರು ಮಲಗಿರುತ್ತಾರೆಂದೂ ಗೊತ್ತು. ಅಷ್ಟು ಹೊತ್ತಿಗೆ ನೀನು ಬಂದು ಮುಖ ನೋಡಬಹುದಿತ್ತೆಂದೂ ಗೊತ್ತು. ಹೌದು, ಅದೂ ಯೋಚನೆಗೆ ಬಂತು. ಕೈ ತೆಗೆದೆ. ಅವರ ಬಾಯಿಂದ ಕಿತ್ತಳೆ ಎಸಳು ತೆಗೆದೆ. ನಿನ್ನ ಅಮ್ಮ ನನ್ನ ಭುಜಕ್ಕೆ, ಬೆನ್ನಿಗೆ ಗುದ್ದುತ್ತಿದ್ದರು. ನಾನು ಅವರ ಎರಡೂ ಕೈ ಹಿಡಿದುಕೊಂಡು ನಿನ್ನ ಅಪ್ಪನ ಪಾದದ ಬಳಿ ಕೂತೆ. ಕೈ ಹಿಡಿದುಕೊಳ್ಳುವುದಕ್ಕೂ ಕೈಕಟ್ಟಿ ಕೂರುವುದಕ್ಕೂ ದೂರದಿಂದ ನೋಡುವವರಿಗೆ ಹೆಚ್ಚು ಅಂತರ ಕಾಣಲಾರದು.

ಮಿಕ್ಕಿದ್ದು ನಿನಗೆ ಗೊತ್ತು. ಕರಕ್‌ಗೆ ಕೊಂಡೊಯ್ದೆವು. ನೀನು ಬರುವ ಹೊತ್ತಿಗೆ ಮಣ್ಣಾಗಿತ್ತು.

ಪರೀಕ್ಷೆ ಇದ್ದದ್ದು ಶೋಕದ ಮೂರನೆಯ ದಿನ. ಹೋಗು ಎಂದು ನಿನ್ನ ಅಪ್ಪ ಹೇಳಿದ್ದರು, ಅದಕ್ಕೇ ಹೋದೆ ಎಂದು ಬರೆದರೆ ನಿನ್ನ ಬಾಯಿ ಕಟ್ಟಬಹುದು. ಆದರೆ ನಾನು ಹೋದದ್ದು ಅದಕ್ಕಲ್ಲ. ಆ ಕೋಣೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೆನ್ನೆಗೆ ಕೆನ್ನೆ ತಾಗಿಸಿ, ನೀನು ಪಕ್ಕದಲ್ಲೇ ಇದ್ದೆಯಂತೆ, ಅಲ್ಲವಾ ಎಂದು ಕೇಳುತ್ತಿದ್ದರು. ಪ್ರಶ್ನೆಗೆ ಉತ್ತರವಿರುವ ಒಂದು ಜಾಗ ನನಗೆ ಬೇಕಿತ್ತು. ಬೆಳಗಿನ ಬಸ್ಸು ಹಿಡಿದೆ. ಮೂಜಿಬ್ ಕಣಿವೆಯ ತಿರುವಿನಲ್ಲಿ ಬಸ್ಸು ನಿಲ್ಲಿಸಿ ವಾಂತಿ ಮಾಡಿಕೊಂಡೆ. ಮೈಮೇಲೆ ಶೋಕದ ಕಪ್ಪು ಬಟ್ಟೆಯೇ ಇತ್ತು. ಪರೀಕ್ಷೆಯ ಬಾಗಿಲಲ್ಲಿ ಬೆರಳಚ್ಚು ತೆಗೆದುಕೊಂಡ ಹುಡುಗಿ ನನ್ನ ಮುಖ ನೋಡಿ ಒಂದು ಲೋಟ ನೀರು ಕೊಟ್ಟಳು.

ನಿನ್ನ ಅಪ್ಪನಂಥವನೇ ಒಬ್ಬ ಗಂಡಸು ಪರದೆಯ ಮೇಲೆ ಬಂದ. ಕಾಲು ಊತ, ತಣ್ಣನೆಯ ಕೈ, ನೀಲಿ ತುಟಿ. ಹೆಸರಿರಲಿಲ್ಲ. ಅವನಿಗೆ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಎಲ್ಲ ಗೊತ್ತಿತ್ತು. ಒತ್ತಿದೆ. ಮುಂದಿನದಕ್ಕೆ ಹೋದೆ. ಪಾಸಾಗಿದ್ದೇನೆ ಎಂದು ಅಲ್ಲೇ ಹೇಳಿದರು. ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ, ವಿಪರೀತ ಹಸಿವಾಯಿತು. ಬಸ್ ನಿಲ್ದಾಣದಲ್ಲಿ ನಿಂತು ಫಲಾಫೆಲ್ ರೊಟ್ಟಿ ತಿಂದೆ. ಮಾವ ತೀರಿಕೊಂಡ ಮೂರನೆಯ ದಿನ ರಸ್ತೆಯಲ್ಲಿ ನಿಂತು ತಿಂದವಳು ಎಂದು ಹಮ್ದಾ ಅತ್ತೆಗೆ ಬೇಕಿದ್ದರೆ ಇದನ್ನೂ ಹೇಳು. ಕರಕ್ ತಲುಪುವ ಹೊತ್ತಿಗೆ ನೀನು ಗಂಡಸರ ಮುಂದೆ ಮಾತಾಡಿ ಮುಗಿಸಿ, ವಿಮಾನಕ್ಕೆ ಹೊರಟಿದ್ದೆ. ನಿನ್ನ ಕಾರಿನ ಹಿಂದಿನ ದೀಪ ಕಂಡಿತು.

ಹತ್ತು ದಿನವಾದ ಮೇಲೆ ನಿನ್ನ ಅಮ್ಮ ಫೋನು ಮಾಡಿದರು. ಸಲಾಮ್ ಕೂಡ ಇಲ್ಲ. “ನಿನ್ನನ್ನ ನಾನು ಕ್ಷಮಿಸಿಲ್ಲ. ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ಈ ಮನೇಲಿ ಒಬ್ಬಳೇ ನಿದ್ದೆ ಬರಲ್ಲ. ಬಂದು ಕರಕೊಂಡು ಹೋಗು,” ಎಂದರು. ಹೋಗಿ ಕರೆದುಕೊಂಡು ಬಂದೆ. ಈಗ ಪಕ್ಕದ ಕೋಣೆಯಲ್ಲಿ ಇದ್ದಾರೆ. ದಿನಕ್ಕೆ ನಾಲ್ಕು ಮಾತಾಡುತ್ತೇವೆ. ನಾನು ಡ್ಯೂಟಿಗೆ ಹೊರಟರೆ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುತ್ತಾರೆ. ಮೊನ್ನೆ ಬಾಗಿಲಲ್ಲಿ ನಿಂತು, “ಅವತ್ತು ಕೈ ಇಟ್ಟಿದ್ದೆಯಲ್ಲ, ಯಾಕೆ ತೆಗೆದೆ?” ಎಂದರು. ಹೇಳಿದೆ. ನಿನಗೆ ಬರೆದಷ್ಟೇ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು.

ನಿನ್ನಿಂದ ಕ್ಷಮೆ ಕೇಳುತ್ತಿಲ್ಲ, ಹೈಸಮ್. ಮರಳಿ ಬಾ ಎಂದೂ ಕರೆಯುತ್ತಿಲ್ಲ. ನಮ್ಮಿಬ್ಬರ ಗಂಟು ಬಿಚ್ಚಬೇಕೆಂದಿದ್ದರೆ ಕಾಗದ ಕಳಿಸು, ತಡಮಾಡದೆ ಸಹಿ ಹಾಕುತ್ತೇನೆ. ಆದರೆ ಅಪ್ಪ ನಿನ್ನ ಮೇಲೆ ಸಿಟ್ಟಿನಿಂದ ಹೋದರೆಂದು ತಿಳಿಯಬೇಡ. ನಿನ್ನ ಫೋನು ಇಟ್ಟ ಮೇಲೆ ಪ್ರತಿ ಸಲವೂ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು.

ಅವರಿಗೆ ದೇವರು ನೆರಳು ಕೊಡಲಿ. ನಿನಗೆ ನಿದ್ದೆ ಕೊಡಲಿ.

ಇಂತಿ,
ವಿಜ್ದಾನ್

ಮರೆತಿಲ್ಲ, ಕಡೆಗೆಂದೇ ಇಟ್ಟುಕೊಂಡಿದ್ದೆ: ನಿನ್ನ ಅಪ್ಪನ ಕಾಯಿಲೆ ರಕ್ತದಲ್ಲಿ ಇಳಿದು ಬರುವಂಥದು ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಅಪ್ಪನ ತಮ್ಮ ಲಾರಿಯ ಸ್ಟೇರಿಂಗ್ ಮೇಲೆ ತಲೆಯಿಟ್ಟು ಹೋದದ್ದು, ನೀವೆಲ್ಲ ನಂಬಿದಂತೆ, ನಿದ್ದೆಯಿಂದಲ್ಲ, ಇದರಿಂದಲೇ ಇರಬೇಕು. ನೀನು ಹೃದಯದ ಎಕೋ ಪರೀಕ್ಷೆ ಮಾಡಿಸಿಕೋ, ಈ ತಿಂಗಳೇ. ನಿನ್ನ ಮಗಳಿಗೂ ಮಾಡಿಸು. ಹೌದು, ನನಗೆ ಗೊತ್ತು. ಕುವೈತಿನ ಮದುವೆಯೂ ಗೊತ್ತು, ಮಗುವಿಗೆ ನಿನ್ನ ಅಮ್ಮನ ಹೆಸರಿಟ್ಟದ್ದೂ ಗೊತ್ತು. ನಿನ್ನ ಅಪ್ಪನಿಗೂ ಗೊತ್ತಿತ್ತು. ಅಬೂ ಸಖ್ರ್ ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದಾಗ ಮುಖದ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ಕೋಣೆಗೆ ಕಾಲಿಟ್ಟೊಡನೆ ಫೋನನ್ನು ತಲೆದಿಂಬಿನ ಕೆಳಗೆ ತುರುಕಿದರು. ನನಗೆ ನೋವಾದೀತೆಂದು ಅವರು ನನ್ನಿಂದ ಬಚ್ಚಿಟ್ಟರು. ಅವರಿಗೆ ಸಂಕಟವಾದೀತೆಂದು ನಾನು ಕಂಡೂ ಕಾಣದಂತೆ ಚಹಾ ಇಟ್ಟು ಬಂದೆ. ನಿನ್ನ ಅಮ್ಮನಿಗೆ ಇನ್ನೂ ತಿಳಿಯದು, ಅದನ್ನು ನೀನೇ ಹೇಳಬೇಕು. ಎಕೋದಿಂದ ಮಗುವಿಗೆ ನೋವಾಗುವುದಿಲ್ಲ. ಹಾಲು ಕುಡಿದು ನಿದ್ದೆ ಹತ್ತಿದ ಹೊತ್ತಿನಲ್ಲಿ ಕರೆದುಕೊಂಡು ಹೋಗಿ. ಎದೆಗೆ ಹಚ್ಚುವ ಜೆಲ್ ತಣ್ಣಗಿರುತ್ತದೆ, ಬೆಚ್ಚಿ ಎದ್ದು ಅಳುತ್ತವೆ ಮಕ್ಕಳು. ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಹಚ್ಚಲು ಅಲ್ಲಿನ ನರ್ಸಿಗೆ ಹೇಳು.